ಏಲಕ್ಕಿ ಮನೆಯಲ್ಲಿ ಒಣಗಿದ ದೋಣಿ

"ಮರದ್ದಾಗಿದ್ರೆ ಬಚ್ಚಲ ಒಲೆಗಾದ್ರೂ ಆಗ್ತಿತ್ತು ಬಾವ, ಇದು ಅದಕ್ಕೂ ಇಲ್ಲ" ಅಂದಿದ್ದರು ನಮ್ಮ ಬಾವ, ಹಿಂಭಾಗ ಕೊಳೆತ ನನ್ನ ಫೈಬರ್ ದೋಣಿ ನೋಡಿ. ಈಗ ಭಾನುವಾರ ಬಂತಂದ್ರೆ ಅವರ ಮಕ್ಕಳು ಅದೇ ದೋಣಿಯಲ್ಲಿ ಕೆರೆ ಸುತ್ತುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹದಿನಾಲ್ಕು ಅಡಿ ಫೈಬರ್ ದೋಣಿ, 25 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್. ಕರಾವಳಿಯಿಂದ ಸುಮಾರು 1.35 ಲಕ್ಷಕ್ಕೆ ತಂದಿದ್ದು, ಲಾರಿ ಬಾಡಿಗೆ ಬೇರೆ. ಕೊಡಗಿನ ಕಕ್ಕಬ್ಬೆ ಕಡೆಯ ನಮ್ಮ ತೋಟದ ಕೆರೆಗೆ ಇದು ಜಾಸ್ತಿಯೇ. ಹೋಮ್‌ಸ್ಟೇ ಅತಿಥಿಗಳಿಗೆ ಅನ್ನೋದು ಮನೆಯಲ್ಲಿ ಹೇಳಿದ ನೆಪ.

2023ರಲ್ಲಿ ಥ್ರಾಟಲ್ ಕೊಟ್ಟರೆ ಎಂಜಿನ್ ಕೂತ ಹಿಂದಿನ ಹಲಗೆ ಬಗ್ಗತೊಡಗಿತು. ಬೋಲ್ಟ್ ಬಿಚ್ಚಿದೆ. ತೂತಿನಿಂದ ಕಂದು ನೀರು ಇಳಿಯಿತು, ನೆನೆದ ಗೋಣಿಚೀಲದ ವಾಸನೆ. ಒಳಗಿನ ಪ್ಲೈವುಡ್ಡನ್ನು ಚಮಚದಲ್ಲಿ ಕೆರೆದು ತೆಗೆಯಬಹುದಿತ್ತು.

ಮಾರೋದಾ, ಇಟ್ಟುಕೊಳ್ಳೋದಾ? ಗುಜರಿಯವನು ಎಂಜಿನ್ ಸೇರಿಸಿ 40 ಸಾವಿರ ಅಂದ. ಹೊಸ ದೋಣಿಗೆ, ಎಂಜಿನ್ ಬಿಟ್ಟು, ಎರಡೂವರೆ ಲಕ್ಷ ಕೇಳಿದರು. ಒಂದು ಇಡೀ ಮಧ್ಯಾಹ್ನ ದೋಣಿ ಕವುಚಿ ಹಾಕಿ ಸುತ್ತಿಗೆ ಹಿಡಿಯಲ್ಲಿ ಅಂಗೈ ಅಂಗೈ ಜಾಗ ತಟ್ಟಿದೆ. ತಳ, ಪಕ್ಕ ಎಲ್ಲ ಟಣ್ ಟಣ್. ಹಿಂದಿನ ಹಲಗೆ ಮಾತ್ರ ಡಬ್, ಅಂದ್ರೆ ಒಳಗೆ ಕೊಳೆತಿದೆ. ತಳದಲ್ಲೂ ಡಬ್ ಅಂದಿದ್ದರೆ ಅವತ್ತೇ ಕೊಟ್ಟುಬಿಡುತ್ತಿದ್ದೆ.

ಮೊದಲ ಸಲ ಜೂನ್‌ನಲ್ಲಿ ಶೆಡ್ಡಿನೊಳಗೇ ರಿಪೇರಿ ಮಾಡಿದೆ. ದಡ್ಡತನ. ನಮ್ಮ ಮಳೆಯಲ್ಲಿ ರೆಸಿನ್, ಅಂದ್ರೆ ಫೈಬರ್ ಕೂರಿಸೋ ಅಂಟು, ಎಲ್ಲಿ ಗಟ್ಟಿಯಾಗುತ್ತೆ? ಮೂರು ದಿನ ಆದರೂ ಬೆರಳಿಗೆ ಅಂಟುತ್ತಿತ್ತು. ಅದನ್ನು ಗಟ್ಟಿ ಮಾಡೋ ಹಾರ್ಡ್‌ನರ್ ಜಾಸ್ತಿ ಹಾಕಿದೆ, ಬಿರುಕು ಬಿಟ್ಟಿತು. ದೀಪಾವಳಿ ಹೊತ್ತಿಗೆ ಮೇಲೆ ಅಂಟಿಸಿದ ಫೈಬರ್ ಮ್ಯಾಟ್ ಹಲಸಿನ ತೊಳೆ ಥರ ಕಿತ್ತು ಬಂತು. 28 ಸಾವಿರ ಕೆರೆಗೆ.

ಮರುವರ್ಷವೂ ಪುರುಸೊತ್ತು ಸಿಕ್ಕಿದ್ದು ಮಳೆಗಾಲದಲ್ಲೇ. ಅಜ್ಜನ ಕಾಲದ ಏಲಕ್ಕಿ ಒಣಗಿಸೋ ಮನೆ ಖಾಲಿ ಬಿದ್ದಿತ್ತು. ಬಾಗಿಲ ಚೌಕಟ್ಟು ಕಿತ್ತು ದೋಣಿಯ ಹಿಂಭಾಗ ಒಳಗೆ ತಳ್ಳಿದೆವು, ಮೂತಿ ಹೊರಗೆ ಟಾರ್ಪಾಲಿನ ಕೆಳಗೆ. ಸಣ್ಣ ಬೆಂಕಿ, ಒಳಗೆ 40-45 ಡಿಗ್ರಿ, ಸುಮಾರು ಇಪ್ಪತ್ತು ದಿನ. ಹೊರಗೆ ಜುಲೈ ತಿಂಗಳೊಂದರಲ್ಲೇ ಮಳೆ 50 ಇಂಚು ದಾಟಿತ್ತು. ತೋಟದ ಲೆಕ್ಕ ಬರೆಯೋ ರೈಟರ್ ದಿನಾ ಬಂದು "ಏಲಕ್ಕಿ ಆಯ್ತಾ ಸಾರ್?" ಅಂತ ಕೇಳಿ ನಗುತ್ತಿದ್ದರು.

ಒಣಗಿದ್ದು ಗೊತ್ತಾಗೋದು ಹೇಗೆ? ಕಾಫಿ ತೇವಾಂಶದ ಮೀಟರಿಗೆ ಮರದ ಹೊಟ್ಟು ಹಾಕಿ ನೋಡಿದೆ. ಒಂದೊಂದು ಸಲ ಒಂದೊಂದು ನಂಬರ್, ಸುಮ್ನೆ ಟೈಮ್ ವೇಸ್ಟ್. ಆಮೇಲೆ ಹಳೇ ಹಲಗೆಯ ಒಂದು ತುಂಡು ಅದೇ ಕೋಣೆಯಲ್ಲಿ ನೇತು ಹಾಕಿ ಕರಿಮೆಣಸಿನ ತಕ್ಕಡಿಯಲ್ಲಿ ದಿನಾ ತೂಗಿದೆ. 410 ಗ್ರಾಂ ಇದ್ದದ್ದು 365ರ ಹತ್ತಿರ ನಿಂತಿತು. ಎರಡು ದಿನ ಇಳಿಯಲಿಲ್ಲ. ಸಾಕು.

ಮುಖ್ಯ ವಿಷಯ: ರೆಸಿನ್ ಹಾಕೋ ಹಿಂದಿನ ರಾತ್ರಿಯೇ ಬೆಂಕಿ ಪೂರ್ತಿ ಆರಿಸಿ ಬೂದಿ ಹೊರಗೆ ಸಾಗಿಸಿದೆ. ರೆಸಿನ್‌ನ ಆವಿಗೆ ಕಿಡಿ ತಾಗಿದರೆ ಮನೆಯೂ ಇಲ್ಲ, ನಾನೂ ಇಲ್ಲ. ಗೋಡೆಯಲ್ಲಿ ಉಳಿದ ಬಿಸಿಯೇ ಕೆಲಸ ಮಾಡಿತು. 18 ಎಂಎಂ ಮರೈನ್ ಪ್ಲೈ ಎರಡು, ಮೇಲೆ ಮ್ಯಾಟ್. ಸಂಜೆಗೆ ಉಗುರು ಇಳಿಯಲಿಲ್ಲ. ಬೋಲ್ಟ್ ತೂತಿನ ಅಂಚಿಗೆ ಏನು ತುಂಬಿದೆ ಅನ್ನೋದನ್ನು ಬರೆಯಲ್ಲ. ಅದನ್ನು ಹೇಳಿಕೊಟ್ಟ ಮಲ್ಪೆಯ ಮೇಸ್ತ್ರಿಗೆ ಮಾತು ಕೊಟ್ಟಿದ್ದೇನೆ.

ಖರ್ಚು 31 ಸಾವಿರ ಇರಬೇಕು. ಎಂಜಿನ್ನಿನ ಗೇರ್ ಆಯಿಲ್‌ಗೂ ನೀರು ಸೇರಿ ಹಾಲು ಹಾಕಿದ ಕಾಫಿ ಥರ ಆಗಿತ್ತು. ಸೀಲು, ಎಂಜಿನ್ ತಣಿಸೋ ನೀರು ಎಳೆಯುವ ಇಂಪೆಲ್ಲರ್, ಕಾರ್ಬುರೇಟರ್ ಎಲ್ಲ ಸೇರಿ ಇನ್ನೊಂದು 19 ಸಾವಿರ. ಎಥನಾಲ್ ಪೆಟ್ರೋಲನ್ನು ಮಳೆಗಾಲವಿಡೀ ಟ್ಯಾಂಕಲ್ಲಿ ಬಿಟ್ಟಿದ್ದೇ ತಪ್ಪು, ತಳದಲ್ಲಿ ನೀರು ನಿಂತಿತ್ತು. ಆ ವರ್ಷ ರೋಬಸ್ಟಾ ರೇಟು ಏರಿದ್ದರಿಂದ ಮನೆಯಲ್ಲಿ ಬೈಗುಳ ಕಡಿಮೆ.

ಸೆಪ್ಟೆಂಬರ್‌ನಲ್ಲಿ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ಮುಗಿದ ವಾರ ನೀರಿಗಿಳಿಸಿದೆವು. ಫುಲ್ ಥ್ರಾಟಲ್, ಹಲಗೆ ಅಲುಗಲಿಲ್ಲ. ಫೆಬ್ರವರಿಯಲ್ಲಿ ಕೆರೆ ನೀರೆಲ್ಲ ಸ್ಪ್ರಿಂಕ್ಲರ್‌ಗೆ ಹೋಗಿ ದೋಣಿ ಕೆಸರಲ್ಲಿ ಕೂತಿದ್ದಾಗ ಬಾವ ತಾವೇ ಸುತ್ತಿಗೆ ತಗೊಂಡು ಹೋಗಿ ತಟ್ಟಿ ನೋಡಿದರು. ಟಣ್. ಏನೂ ಹೇಳದೆ ವಾಪಸ್ ಬಂದು ಸುತ್ತಿಗೆ ಇಟ್ಟರು.