ತಬಲಾದಲ್ಲಿ ಸಮ್, ಖಾಲಿ ಹಿಡಿಯೋದು ಹೀಗೆ

ಹಾಡು ಕೇಳೋಕೆ ಇಷ್ಟ, ಆದ್ರೆ ಸಮ್, ಖಾಲಿ ಅಂದ್ರೆ ತಿಳಿಯಲ್ಲ ಅಂತ ಇಲ್ಲಿ ಕೆಲವರು ಕೇಳಿದ್ದರು. ಮೊದಲು ತೀನ್‌ತಾಲ್ ಅನ್ನೋ ಹಿಂದೂಸ್ತಾನಿ ತಾಳ ಒಂದನ್ನೇ ಹಿಡಿಯಿರಿ. ಅದರಲ್ಲಿ 16 ಮಾತ್ರೆ. ಮಾತ್ರೆ ಅಂದ್ರೆ ಒಂದು ಎಣಿಕೆ, ಅಷ್ಟೇ. 1, 5, 13ಕ್ಕೆ ಚಪ್ಪಾಳೆ ಹಾಕಿ, 9ಕ್ಕೆ ಕೈ ಪಕ್ಕಕ್ಕೆ ಬೀಸಿ. ಆ ಬೀಸುವ ಜಾಗವೇ ಖಾಲಿ. ಕಿವಿಗೂ ಗೊತ್ತಾಗುತ್ತದೆ: ಅಲ್ಲಿಯವರೆಗೆ 'ಧಾ ಧಿನ್ ಧಿನ್ ಧಾ' ಅಂತಿದ್ದ ತಬಲಾ 'ಧಾ ತಿನ್ ತಿನ್ ತಾ' ಅನ್ನುತ್ತದೆ, ಎಡಗೈಯ ಡಗ್ಗಾದ ಗುಂಯ್ ದನಿ ಸ್ವಲ್ಪ ಹೊತ್ತು ನಿಂತುಬಿಡುತ್ತದೆ. ಆ ದನಿ ಮತ್ತೆ ಬಂತಾ, ಸಮ್ ಹತ್ತಿರ ಇದೆ ಅಂತ ತಿಳಿಯಿರಿ. ಸಮ್ ಅಂದ್ರೆ ಮೊದಲ ಮಾತ್ರೆ, ಹಾಡುವವರು, ತಬಲಾದವರು ಇಬ್ಬರೂ ಬಂದು ಕೂಡುವ ಜಾಗ. ನಮ್ಮ ಧಾರವಾಡದ ಹಿರಿಯರು ಸರಿಯಾಗಿ ಅಲ್ಲೇ ತಲೆ ಆಡಿಸಿ 'ಆಹಾ' ಅನ್ನೋದು ಸುಮ್ನೆ ಅಲ್ಲ.

 ಇನ್ನು ವಿಲಂಬಿತ್ ಅಂದ್ರೆ ನಿಧಾನದ ಲಯ, ದ್ರುತ್ ಅಂದ್ರೆ ವೇಗದ ಲಯ.

ಶುರುವಿಗೆ ವಿಲಂಬಿತ್ ಎಣಿಸೋಕೆ ಹೋಗಬೇಡಿ, ಎರಡು ಮಾತ್ರೆಯ ನಡುವೆ ಜಾಸ್ತಿ ಜಾಗ ಇರುತ್ತದೆ, ಎಣಿಕೆ ತಪ್ಪುತ್ತದೆ. ಮಲ್ಲಿಕಾರ್ಜುನ ಮನ್ಸೂರ ಅವರು ತೀನ್‌ತಾಲ್‌ನಲ್ಲಿ ಹಾಡಿದ್ದು ಒಂದು ಹಾಕಿಕೊಳ್ಳಿ. ಹಾಡು ಬಿಟ್ಟು ಬರೀ ತಬಲಾ ಕೇಳುತ್ತಾ, ಹೆಬ್ಬೆರಳಿನಿಂದ ಬೆರಳಗೆರೆ ಮುಟ್ಟಿ ಎಣಿಸಿ. ನನಗೆ ಹಿಡಿತ ಸಿಕ್ಕಿದ್ದು ಹೀಗೇ.