ದಾಸೋಹಕ್ಕೆ ಕಾಯಿಪಲ್ಯ ಬೆಳೆಯಲು ಬರ್ತೀರಾ? ಇಷ್ಟು ತಿಳ್ಕೊಂಡು ಬನ್ನಿ

ವಿಜಯಪುರದ ನಮ್ಮ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ಜಾಗದಲ್ಲಿ ನಾವು ಕೆಲವರು ಸೇರಿ ಕಾಯಿಪಲ್ಯ ಬೆಳೆಯುತ್ತೇವೆ. ಬೆಳೆದದ್ದೆಲ್ಲ ಹತ್ತಿರದ ಮಠದ ದಾಸೋಹಕ್ಕೆ, ಹಳ್ಳಿ ಮಕ್ಕಳು ಇದ್ದು ಓದುವ ಉಚಿತ ಪ್ರಸಾದ ನಿಲಯಕ್ಕೆ ಹೋಗುತ್ತದೆ. ‘ನಾನೂ ಬರ್ತೀನಿ, ಏನು ಮಾಡಬೇಕು?’ ಅಂತ ಕೇಳುವವರಿಗೆ ಇದು.

ಮೊದಲ ದಿನ ತೋಟಕ್ಕಲ್ಲ, ಅಡುಗೆಮನೆಗೆ ಹೋಗಿ. ಅಲ್ಲಿ ಒಂದು ತಾಸು ಕೂತು ಸೊಪ್ಪು ಆರಿಸಿ ಕೊಡಿ. ಪಾಲಕ್ ಬುಟ್ಟಿಗಟ್ಟಲೆ ತಂದರೂ ಬೆಂದ ಮೇಲೆ ಎಷ್ಟು ಉಳಿಯುತ್ತದೆ ಅಂತ ಕಣ್ಣಾರೆ ನೋಡುತ್ತೀರಿ. ಪುಂಡಿಪಲ್ಯ ಹಾಗಲ್ಲ. ತೊಗರಿಬೇಳೆ, ಜೋಳದ ನುಚ್ಚು ಸೇರಿದರೆ ಪಾತ್ರೆ ತುಂಬುತ್ತದೆ. ಪುಂಡಿ ಸೊಪ್ಪೇ ಹುಳಿ, ಹುಣಸೆಹುಳಿ ಬೇಕಿಲ್ಲ, ರೊಟ್ಟಿಗೂ ಆಯಿತು, ಅನ್ನಕ್ಕೂ ಆಯಿತು. ಅದಕ್ಕೇ ನಮ್ಮ ಮಡಿಗಳಲ್ಲಿ ಪುಂಡಿಯೇ ಜಾಸ್ತಿ. ಆಮೇಲೆ ಬದನೆ, ಚವಳಿ, ಹೀರೆ. ನಮಗೆ ಬೆಳೆಯಲು ಖುಷಿ ಅಂತ ಏನೋ ಬೆಳೆದು ಅಡುಗೆಯವರ ಮುಂದೆ ಸುರಿಯಬಾರದು. ಬಿತ್ತುವ ಮೊದಲು ಅವರನ್ನು ಕೇಳಲೇಬೇಕು.

ಇನ್ನು ಮಣ್ಣು. ನಮ್ಮದು ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಮಳೆಯಾದ ಮರುದಿನವೇ ಉತ್ಸಾಹದಿಂದ ಮಡಿಗೆ ಇಳಿಯಬೇಡಿ. ತುಳಿದ ಕಡೆಯೆಲ್ಲ ಮಣ್ಣು ಗಟ್ಟಿಯಾಗಿ ಹೆಂಟೆ ಏಳುತ್ತದೆ, ಬೇರಿಗೆ ಉಸಿರಾಡಲು ಜಾಗ ಇರುವುದಿಲ್ಲ. ಒಂದು ಹಿಡಿ ಮಣ್ಣು ಒತ್ತಿ ಉಂಡೆ ಮಾಡಿ ಕೆಳಗೆ ಬಿಡಿ. ಪುಡಿಯಾದರೆ ಹದ ಬಂದಿದೆ, ಕುರ್ಪಿ ಹಿಡಿಯಿರಿ. ಹಾಗೇ ಅಂಟಿಕೊಂಡಿದ್ದರೆ ಆ ದಿನ ಬೇರೆ ಕೆಲಸ ಇದ್ದೇ ಇರುತ್ತದೆ. ರವದಿ, ಅಂದರೆ ಕಬ್ಬಿನ ಒಣ ಎಲೆ, ಹೊತ್ತು ತಂದು ಗಿಡಗಳ ಬುಡಕ್ಕೆ ಹರಡಬಹುದು, ಬಿಸಿಲಿಗೆ ನೀರು ಆರುವುದು ಕಡಿಮೆಯಾಗುತ್ತದೆ.

ಕಳೆ ತೆಗೆಯುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಹೊಸಬರ ಕೈ ಮೊದಲು ಹೋಗುವುದು ಹಕ್ಕರಕಿ ಮೇಲೆ, ಅದು ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಸೊಪ್ಪು. ನೆಲಕ್ಕೆ ಹತ್ತಿಕೊಂಡ ಅದರ ಎಲೆ ನೋಡಿದರೆ ಯಾರಿಗಾದರೂ ಕಳೆ ಅನ್ನಿಸುತ್ತದೆ. ರಾಜಗಿರಿ ಸಸಿಯ ಪಕ್ಕ ಮುಳ್ಳು ರಾಜಗಿರಿಯೂ ಹುಟ್ಟುತ್ತದೆ, ಎಳೆಯದಿದ್ದಾಗ ಎರಡೂ ಒಂದೇ ಥರ. ಆದ್ದರಿಂದ ಮೊದಮೊದಲು ಹಳಬರ ಪಕ್ಕದಲ್ಲೇ ಕೂರಿ, ಸಂಶಯ ಬಂದರೆ ಕೀಳಬೇಡಿ. ಜೇಕನ್ನು ಗಡ್ಡೆ ಸಮೇತ ಅಗೆದು ತೆಗೆಯಿರಿ, ಮೇಲಿನ ಹುಲ್ಲನ್ನಷ್ಟೇ ಸುಮ್ನೆ ಹರಿದರೆ ಮತ್ತೆ ಚಿಗುರುತ್ತದೆ. ಪಾರ್ಥೇನಿಯಂ ಮುಟ್ಟುವಾಗ ಕೈಗವಸು ಬೇಕೇ ಬೇಕು, ಅದು ಚರ್ಮಕ್ಕೆ ಆಗಿಬರುವುದಿಲ್ಲ. ಹೂ ಬಿಡುವ ಮೊದಲೇ ಕಿತ್ತರೆ ಬೀಜ ಉದುರುವುದಿಲ್ಲ.

ಹುಳಕ್ಕೆ ನಾವು ಬೇವಿನ ಬೀಜದ ಕಷಾಯ ಹೊಡೆಯುತ್ತೇವೆ. ನಮ್ಮ ಕಡೆ ಬೇವಿಗೇನು ಬರ? ಬೇಸಿಗೆ ಕೊನೆಗೆ ಹಣ್ಣು ಉದುರಿದಾಗ ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ಇಡಿ. ಒಂದು ಲೀಟರ್ ನೀರಿಗೆ 50 ಗ್ರಾಂ ಒಳಬೀಜ ಲೆಕ್ಕ. ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಹಾಕಿ. ಮರುದಿನ ಹಿಂಡಿ, ಸೋಸಿ, ಚೂರು ಸಾಬೂನು ಕರಗಿಸಿ ಸಂಜೆ ಹೊಡೆಯಿರಿ. ಯಾವ ಮಡಿಗೆ ಯಾವತ್ತು ಹೊಡೆದಿರಿ ಅಂತ ಹಲಗೆ ಮೇಲೆ ಬರೆಯಿರಿ. ಇಲ್ಲದಿದ್ದರೆ ಬೆಳಿಗ್ಗೆ ಬಂದವರು ಅದನ್ನೇ ಕೊಯ್ದುಬಿಡುತ್ತಾರೆ.

ಕೊಯ್ಲು ಬಿಸಿಲು ಏರುವ ಮೊದಲೇ ಮುಗಿಯಬೇಕು. ಪುಂಡಿಯ ಕುಡಿ ಚಿವುಟಿ, ಗಿಡ ಕೀಳಬೇಡಿ, ಪಕ್ಕದಿಂದ ಮತ್ತೆ ಕವಲೊಡೆಯುತ್ತದೆ. ಮೆಂತ್ಯವನ್ನು ಬೇರುಸಮೇತ ಕಿತ್ತು ಮಣ್ಣು ಕೊಡವಿ. ಹುಳ ಕೊರೆದ ಬದನೆಯನ್ನು ಅಲ್ಲೇ ಬೇರ್ಪಡಿಸಿ. ಊಟ ಉಚಿತ ಅಂತ ಕೊಳೆತದ್ದು ಕಳಿಸುವುದು ನನಗೆ ಸೇರುವುದಿಲ್ಲ. ನಮ್ಮ ಮನೆ ಮಕ್ಕಳಿಗೆ ಹಾಕುವಂಥದ್ದೇ ಹೋಗಬೇಕು. ಬುಟ್ಟಿ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಒಗ್ಗರಣೆ ಬೀಳುವ ಮೊದಲೇ ಮುಟ್ಟಿಸಿ.

ಬರುವ ದಿನ ಒಂದೇ ಇರಲಿ, ಆದರೆ ತಪ್ಪಿಸಬೇಡಿ. ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿ, ನೀರು ಹಾಯಿಸಲು ಬೇರೆಯವರನ್ನು ನೋಡುತ್ತೇವೆ. ಏಪ್ರಿಲ್-ಮೇನಲ್ಲಿ ಮಕ್ಕಳು ರಜೆಗೆ ಊರಿಗೆ ಹೋಗುತ್ತಾರೆ, ನಮ್ಮವರಲ್ಲೂ ಅರ್ಧ ಮಂದಿ ಇರುವುದಿಲ್ಲ. ಬಿಸಿಲು ಮಾತ್ರ 40 ಡಿಗ್ರಿ ದಾಟಿರುತ್ತದೆ. ಆಗ ಬಂದ ಕಾಯಿಪಲ್ಯವನ್ನೆಲ್ಲ ಮಠದ ದಾಸೋಹಕ್ಕೇ ಕೊಡುತ್ತೇವೆ. ವರ್ಷದಲ್ಲಿ ಎರಡೇ ತಿಂಗಳು ಬಿಡುವು ಇರುವವರು ದಯವಿಟ್ಟು ಆ ಎರಡು ತಿಂಗಳು ಬನ್ನಿ.