‘ರೋಜರ್’ ಎಂದರೆ ಸಾಲದು: ಟವರ್ ಹೇಳಿದ್ದನ್ನು ಮರಳಿ ಹೇಳುವುದು ಹೇಗೆ?

‘ಡಿಸೆಂಡ್ ಟೂ ಫೋರ್ ಝೀರೊ ಝೀರೊ.’ 1989ರ ಫೆಬ್ರುವರಿ 19ರಂದು ಕ್ವಾಲಾಲಂಪುರದ ಕಂಟ್ರೋಲರ್ (ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರು) ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನಕ್ಕೆ ಹೀಗೆ ಕೆಳಗಿಳಿಯಲು ಹೇಳಿದರು. ಅವರ ಮನಸ್ಸಿನಲ್ಲಿದ್ದುದು 2,400 ಅಡಿ. ಕಾಕ್‌ಪಿಟ್‌ನಲ್ಲಿ ಆ ಮೊದಲ ‘ಟೂ’ ಅಂಕಿಯಾಗಿ ಕೇಳಲಿಲ್ಲ. ನಾವು ‘ನಾನೂರಕ್ಕೆ’ ಎಂದು ಕೊನೆಗೆ ಹಚ್ಚುವ ‘ಕ್ಕೆ’ ಇಂಗ್ಲಿಷಿನಲ್ಲಿ ಅಂಕಿಗೆ ಮೊದಲೇ ಬಂದು ‘ಟು’ ಆಗುತ್ತದಲ್ಲ, ಹಾಗೆ ಕೇಳಿತು. ‘ಓಕೆ, ಫೋರ್ ಝೀರೊ ಝೀರೊ’ ಎಂದು ಪೈಲಟ್ ಮರಳಿ ಹೇಳಿದರು. ಒಂದು ಅಂಕಿ ಬಿಟ್ಟುಹೋಗಿದೆ ಎಂದು ಯಾರೂ ತಿದ್ದಲಿಲ್ಲ. ಬೋಯಿಂಗ್ 747 ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು.

ಪೈಲಟ್ ಆಗಹೊರಟವರು ರೇಡಿಯೊ ಪರೀಕ್ಷೆಗೆಂದು ವಾಕ್ಯಗಳನ್ನು ಉರು ಹೊಡೆಯುತ್ತಾರೆ. ಆಕಾಶಕ್ಕೇರಿದ ಮೇಲೆ ಅವರು ಎಡವುವುದು ಈ ಮರಳಿ ಹೇಳುವ ಕೆಲಸದಲ್ಲೇ, ಅಂದರೆ ರೀಡ್‌ಬ್ಯಾಕ್‌ನಲ್ಲೇ.

ಮೊದಲು ಹೆಡ್‌ಸೆಟ್. ಮೈಕ್ ತುಟಿಗೆ ತಾಗಿಯೂ ತಾಗದಂತಿರಲಿ. ಎಂಜಿನ್ ಸದ್ದು ತಡೆಯುವ ಮೈಕ್‌ಗಳು ಬಾಯಿಗೆ ಅಂಟಿಕೊಂಡಂತಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಗಲ್ಲದ ಕೆಳಗೆ ಇಳಿಸಿಕೊಂಡರೆ ಕಂಟ್ರೋಲರ್ ಕೂರುವ ಟವರ್‌ಗೆ ಎಂಜಿನ್ನೇ ಕೇಳುತ್ತದೆ. ಅಗ್ಗದ ಹೆಡ್‌ಸೆಟ್ ಕೊಳ್ಳಬೇಡಿ, ಬೇರೆ ಯಾವುದರಲ್ಲಾದರೂ ದುಡ್ಡು ಉಳಿಸಿ.

ಎರಡನೆಯದು, ಬಟನ್ ಒತ್ತುವ ಮೊದಲು ಕೇಳುವುದು. ವಿಮಾನದ ವಿಎಚ್‌ಎಫ್ (ಅತಿ ಹೆಚ್ಚಿನ ಫ್ರೀಕ್ವೆನ್ಸಿಯ) ರೇಡಿಯೊ ಎಎಂ ಪದ್ಧತಿಯದು, ಅಂದರೆ ಅಲೆಯ ಎತ್ತರವನ್ನು ಏರಿಳಿಸಿ ಮಾತು ಕಳಿಸುವಂಥದ್ದು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕೇಳುವವರಿಗೆ ಕೀರಲು ಸದ್ದು ಬರುತ್ತದೆ, ಮಾತು ಹೋಗುತ್ತದೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ನಿಲ್ದಾಣದ ಮಂಜಿನಲ್ಲಿ ಕೆಎಲ್‌ಎಂ ಸಂಸ್ಥೆಯ ವಿಮಾನದ ಸಹಪೈಲಟ್ ‘ವೀ ಆರ್ ನೌ ಅಟ್ ಟೇಕ್-ಆಫ್’ ಎಂದರು. ಕಂಟ್ರೋಲರ್ ‘ಓಕೆ’ ಎಂದು ಒಂದು ಕ್ಷಣ ಬಿಟ್ಟು, ಕಾಯಿರಿ, ನಾನೇ ಕರೆಯುತ್ತೇನೆ ಎಂದರು. ಅದೇ ಹೊತ್ತಿಗೆ ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು ವಿಮಾನದವರು ತಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದು ಹೇಳಿದರು. ಎರಡು ಮಾತು ಡಿಕ್ಕಿಯಾದವು. ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ತಲುಪಿದ್ದು ‘ಓಕೆ’, ಆಮೇಲೆ ಕೀರಲು. ಹೊರಟ ಕೆಎಲ್‌ಎಂ ವಿಮಾನ ರನ್‌ವೇ ಮೇಲಿದ್ದ ಪ್ಯಾನ್ ಆಮ್ ವಿಮಾನಕ್ಕೆ ಬಡಿದು 583 ಜನ ಸತ್ತರು. ಅಂದಿನಿಂದ ‘ಟೇಕ್-ಆಫ್’ ಎಂಬ ಪದವನ್ನು ಹೊರಡಲು ಅನುಮತಿ ಕೊಡುವಾಗ, ಅದನ್ನು ಮರಳಿ ಹೇಳುವಾಗ ಅಥವಾ ಆ ಅನುಮತಿಯನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು. ಉಳಿದೆಲ್ಲ ಕಡೆ ‘ಡಿಪಾರ್ಚರ್’. ‘ಓಕೆ’ಯನ್ನು ನಾಲಿಗೆಯಿಂದಲೇ ತೆಗೆದುಹಾಕಿ.

ಮೂರನೆಯದು: ಬರೆದುಕೊಳ್ಳಿ. ತೊಡೆಯ ಮೇಲಿನ ಪ್ಯಾಡು, ದಾರ ಕಟ್ಟಿದ ಪೆನ್ಸಿಲ್ ಸಾಕು. ತಲೆಯಲ್ಲಿಟ್ಟುಕೊಳ್ಳುತ್ತೇನೆ ಎನ್ನುವವರು ನಾಲ್ಕನೆಯ ಅಂಕಿಗೆ ತಪ್ಪುತ್ತಾರೆ.

ಈಗ ರೀಡ್‌ಬ್ಯಾಕ್. ಕೆಲವನ್ನು ಅಕ್ಷರಶಃ ಮರಳಿ ಹೇಳಲೇಬೇಕು. ದಾರಿಯ ಕ್ಲಿಯರೆನ್ಸ್ (ಅನುಮತಿ), ರನ್‌ವೇಗೆ ಹೋಗು, ದಾಟು, ಇಳಿ, ಹೊರಡು, ಹೊರಗೇ ನಿಲ್ಲು ಎನ್ನುವ ಯಾವುದೇ ಆದೇಶ, ಬಳಕೆಯಲ್ಲಿರುವ ರನ್‌ವೇ, ಎತ್ತರ, ದಿಕ್ಕು, ವೇಗ, ಆಲ್ಟಿಮೀಟರ್ ಸೆಟಿಂಗ್ (ಎತ್ತರ ತೋರಿಸುವ ಮೀಟರ್‌ನಲ್ಲಿ ತಿರುಗಿಸಿಡುವ ಗಾಳಿಯೊತ್ತಡದ ಅಂಕಿ), ಟ್ರಾನ್ಸ್‌ಪಾಂಡರ್ ಕೋಡ್ (ರೇಡಾರ್‌ಗೆ ವಿಮಾನದ ಗುರುತು ಹೇಳುವ ನಾಲ್ಕು ಅಂಕಿ). ಇವಕ್ಕೆ ‘ರೋಜರ್’ ಉತ್ತರವಲ್ಲ. ರೋಜರ್ ಎಂದರೆ ‘ನಿಮ್ಮ ಮಾತು ಪೂರ್ತಿ ಕೇಳಿತು’ ಎಂದಷ್ಟೇ ಅರ್ಥ; ಏನು ಕೇಳಿತು ಎಂಬುದು ಅದರಲ್ಲಿಲ್ಲ. ಮೈಕ್ ಬಟನ್ ಎರಡು ಸಲ ಟಿಕ್‌ಟಿಕ್ ಮಾಡಿ ಮುಗಿಸುವ ಅಡ್ಡದಾರಿ ಇನ್ನೂ ಕೆಟ್ಟದ್ದು, ಯಾರು ಒತ್ತಿದರೆಂದೇ ಗೊತ್ತಾಗುವುದಿಲ್ಲ.

ಅಂಕಿಯನ್ನು ಬಿಡಿಬಿಡಿಯಾಗಿ ಹೇಳಿ. ಫೋನ್ ನಂಬರ್ ಕೊಡುವ ನಮ್ಮ ಅಭ್ಯಾಸದಲ್ಲಿ ‘ಡಬಲ್ ಫೋರ್’, ‘ಟ್ರಿಪಲ್ ತ್ರೀ’ ತಾನಾಗಿ ಬಂದುಬಿಡುತ್ತದೆ. 4423 ಎಂಬ ಕೋಡ್‌ಗೆ ‘ಡಬಲ್ ಫೋರ್ ಟೂ ತ್ರೀ’ ಎಂದಾಗ ‘ಡಬಲ್’ ಅಳಿಸಿಹೋದರೆ ಉಳಿಯುವುದು 423. ಗರಗರ ಸದ್ದಿನಲ್ಲಿ ಫೈವ್, ನೈನ್ ಒಂದೇ ಥರ ಕೇಳುತ್ತವೆ. ಅದಕ್ಕೇ ಫೈಫ್, ನೈನರ್ ಎನ್ನುವುದು. ಮೂರಕ್ಕೆ ಟ್ರೀ, ನಾಲ್ಕಕ್ಕೆ ಫೋವರ್, ಸಾವಿರಕ್ಕೆ ಟೌಸಂಡ್. ನಾಚಿಕೆಪಡಬೇಡಿ, ಅಂತರರಾಷ್ಟ್ರೀಯ ನಿಯಮವೇ ಅದು.

ಅಂಕಿಗೆ ಅದರ ಹೆಸರನ್ನೂ ಸೇರಿಸಿ. ಬರೀ ‘ಟೂ ಫೈಫ್ ಝೀರೊ’ ಎಂದರೆ ಅದು ದಿಕ್ಕೂ ಆಗಬಹುದು, 250 ನಾಟ್ (ಗಂಟೆಗೆ 250 ನಾಟಿಕಲ್ ಮೈಲಿ) ವೇಗವೂ ಆಗಬಹುದು, 25,000 ಅಡಿಯನ್ನು ನೂರರ ಲೆಕ್ಕದಲ್ಲಿ ಹೇಳುವ ಫ್ಲೈಟ್ ಲೆವೆಲ್ಲೂ ಆಗಬಹುದು. ‘ಹೆಡಿಂಗ್ ಟೂ ಫೈಫ್ ಝೀರೊ’, ‘ಸ್ಪೀಡ್ ಟೂ ಫೈಫ್ ಝೀರೊ ನಾಟ್ಸ್’ ಎನ್ನಿ. ಆಲ್ಟಿಮೀಟರ್ ಸೆಟಿಂಗ್‌ಗೂ ಇದೇ ಮಾತು. ಗಾಳಿಯೊತ್ತಡಕ್ಕೆ ನಮ್ಮಲ್ಲಿ ಹೆಕ್ಟೊಪಾಸ್ಕಲ್, ಅಮೆರಿಕದಲ್ಲಿ ಪಾದರಸದ ಇಂಚು. ‘ನೈನರ್ ನೈನರ್ ಟೂ’ ಎಂದು 992 ಹೆಕ್ಟೊಪಾಸ್ಕಲ್ ಕೊಟ್ಟಾಗ, ಇಂಚಿಗೆ ಒಗ್ಗಿದ ಪೈಲಟ್ 29.92 ಎಂದುಕೊಂಡು ತಿರುಗಿಸಿದರೆ ಅದು 1013ಕ್ಕೆ ಸಮ. ವ್ಯತ್ಯಾಸ 21 ಹೆಕ್ಟೊಪಾಸ್ಕಲ್, ಒಂದಕ್ಕೆ ಹೆಚ್ಚುಕಡಿಮೆ 28 ಅಡಿ. ಮುಳ್ಳು ತೋರಿಸುವುದಕ್ಕಿಂತ ವಿಮಾನ ಸುಮಾರು 600 ಅಡಿ ಕೆಳಗಿರುತ್ತದೆ.

ರನ್‌ವೇ ಸಂಖ್ಯೆಯ ಬಾಲವನ್ನು ನುಂಗಬೇಡಿ. ಬೆಂಗಳೂರಿನ ಜಕ್ಕೂರಿನಂಥ ಒಂದೇ ರನ್‌ವೇ ಇರುವಲ್ಲಿ ಕಲಿತವರಿಗೆ ಲೆಫ್ಟ್, ರೈಟ್ ಹೇಳುವ ರೂಢಿಯೇ ಇರುವುದಿಲ್ಲ. ಅಕ್ಕಪಕ್ಕ ಎರಡು ರನ್‌ವೇ ಇರುವ ಕೆಂಪೇಗೌಡ ನಿಲ್ದಾಣದಲ್ಲಿ 27 ಲೆಫ್ಟ್ ಬೇರೆ, 27 ರೈಟ್ ಬೇರೆ.

ಷರತ್ತಿನ ಕ್ಲಿಯರೆನ್ಸ್ ಬಂದರೆ ಇನ್ನೂ ಎಚ್ಚರ. ‘ಬಿಹೈಂಡ್ ದ ಲ್ಯಾಂಡಿಂಗ್ ಏರ್‌ಬಸ್, ಲೈನ್ ಅಪ್ ರನ್‌ವೇ ಟೂ ಸೆವೆನ್ ಲೆಫ್ಟ್, ಬಿಹೈಂಡ್’, ಅಂದರೆ ಇಳಿಯುತ್ತಿರುವ ಏರ್‌ಬಸ್ ಹೋದ ಮೇಲೆ ರನ್‌ವೇಗೆ ಬಂದು ನಿಲ್ಲಿ ಎಂದಾಗ ಕೊನೆಯ ‘ಬಿಹೈಂಡ್’ ಅಲಂಕಾರಕ್ಕಲ್ಲ. ಆರಂಭ ಕಿವಿ ತಪ್ಪಿದರೂ ಷರತ್ತು ಉಳಿಯಲಿ ಎಂದು ಅದನ್ನು ಎರಡು ಸಲ ಹೇಳುತ್ತಾರೆ. ನೀವೂ ಎರಡೂ ಸಲ ಹೇಳಿ, ಆ ಏರ್‌ಬಸ್ ಕಣ್ಣಿಗೆ ಬಿದ್ದ ಮೇಲೆಯೇ ಹೇಳಿ.

ಕೊನೆಗೆ ನಿಮ್ಮ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ನಿಮ್ಮ ವಿಮಾನದ ಹೆಸರು, ಪೂರ್ತಿಯಾಗಿ. 452 ಮತ್ತು 542 ಒಂದೇ ಫ್ರೀಕ್ವೆನ್ಸಿಯಲ್ಲಿದ್ದಾಗ ಒಬ್ಬರ ಆದೇಶಕ್ಕೆ ಇನ್ನೊಬ್ಬರು ಉತ್ತರಿಸುವುದು ಹೀಗೇ ಪತ್ತೆಯಾಗುತ್ತದೆ.

ರೀಡ್‌ಬ್ಯಾಕ್ ಆದ ಕೂಡಲೇ ಕಂಟ್ರೋಲರ್ ಸುಮ್ಮನಿದ್ದರೆ ಸರಿಯಾಗಿದೆ ಎಂದುಕೊಳ್ಳಬೇಡಿ. ಅವರು ಆಗ ಇನ್ನೊಂದು ಫೋನಿನಲ್ಲಿ ಮಾತಾಡುತ್ತಿರಬಹುದು. ಅನುಮಾನವಿದ್ದರೆ ‘ಕನ್ಫರ್ಮ್’ ಎಂದು ಪ್ರಶ್ನೆ ಮಾಡಿ. ಅನುಮಾನದ ಅಂಕಿಯನ್ನು ರೀಡ್‌ಬ್ಯಾಕ್‌ನೊಳಗೆ ತೂರಿಸಿ, ತಪ್ಪಿದ್ದರೆ ಅವರೇ ತಿದ್ದಲಿ ಎಂದು ಕಾಯುವುದು ಬಹಳ ಅಪಾಯದ ರೂಢಿ.

ಇಬ್ಬರು ಪೈಲಟ್‌ಗಳಿದ್ದರೆ ಮಾತಾಡುವವರು ಒಬ್ಬರು, ಕೇಳುವವರು ಇಬ್ಬರೂ. ಹೊಸ ಎತ್ತರವನ್ನು, ಕಾಕ್‌ಪಿಟ್‌ನಲ್ಲಿ ಅದಕ್ಕೆಂದೇ ಇರುವ ಕಿಟಕಿಯಂಥ ಅಂಕಿಪಟ್ಟಿಯಲ್ಲಿ ಒಬ್ಬರು ತಿರುಗಿಸಿ, ಇಬ್ಬರೂ ಬೆರಳಿಟ್ಟು ಓದಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯಾ ವಿಮಾನಕ್ಕೆ ಡಿಕ್ಕಿಯಾದ ಕಜಕಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿರಲು ದೆಹಲಿ ಹೇಳಿತ್ತು. ದೆಹಲಿಯ ಕಂಟ್ರೋಲರ್ ಜೊತೆ ಮಾತಾಡುತ್ತಿದ್ದವರು ವಿಮಾನ ಹಾರಿಸುತ್ತಿದ್ದ ಪೈಲಟ್‌ಗಳಲ್ಲ, ರೇಡಿಯೊ ಆಪರೇಟರ್. ವಿಮಾನ ಅದಕ್ಕಿಂತ ಕೆಳಗಿಳಿದಿತ್ತು. ಎರಡೂ ವಿಮಾನಗಳ 349 ಜನ ಸತ್ತರು.

ತುರ್ತು ಇದ್ದರೆ ತುರ್ತಿನ ಪದವನ್ನೇ ಬಳಸಿ. 1990ರ ಜನವರಿ 25ರಂದು ನ್ಯೂಯಾರ್ಕ್ ಬಳಿ ಅವಿಯಾಂಕಾ 52 ವಿಮಾನದ ಸಹಪೈಲಟ್ ಇಂಧನ ಮುಗಿಯುತ್ತಿದೆ ಎಂದು ಮಾಮೂಲು ದನಿಯಲ್ಲಿ ಹೇಳಿದರು, ಪ್ರಾಣಾಪಾಯದ ಕರೆಯಾದ ‘ಮೇಡೇ’ ಎನ್ನಲಿಲ್ಲ. ಇಂಧನ ಮುಗಿದು ವಿಮಾನ ಬಿದ್ದು 73 ಜನ ಸತ್ತರು. ಇನ್ನು ತಡವಾದರೆ ಅಂತಿಮ ಮೀಸಲು ಇಂಧನಕ್ಕೆ ಕೈಹಾಕಬೇಕಾದೀತು ಎನ್ನುವಾಗ ‘ಮಿನಿಮಮ್ ಫ್ಯುಯೆಲ್’. ಇಳಿಯುವ ಹೊತ್ತಿಗೆ ಅಂತಿಮ ಮೀಸಲೂ ಪೂರ್ತಿ ಉಳಿಯದು ಎಂದು ಲೆಕ್ಕ ತೋರಿಸಿದರೆ ‘ಮೇಡೇ ಮೇಡೇ ಮೇಡೇ ಫ್ಯುಯೆಲ್’. ಮೊದಲನೆಯದರಿಂದ ಆದ್ಯತೆ ಸಿಗುವುದಿಲ್ಲ, ಎರಡನೆಯದರಿಂದ ಸಿಗುತ್ತದೆ.

ಹೊಸ ಫ್ರೀಕ್ವೆನ್ಸಿಯಲ್ಲಿ ಉತ್ತರವೇ ಇಲ್ಲವೆ? ವಾಲ್ಯೂಮ್ ನೋಡಿ, ಹೆಡ್‌ಸೆಟ್ ಜ್ಯಾಕ್ ಒಳಕ್ಕೆ ತಳ್ಳಿ, ಬರೆದುಕೊಂಡ ಅಂಕಿಗೂ ರೇಡಿಯೊದ ಅಂಕಿಗೂ ತಾಳೆ ನೋಡಿ. ಆಮೇಲೆ ಹಳೆಯ ಫ್ರೀಕ್ವೆನ್ಸಿಗೆ ಮರಳಿ, ಅಲ್ಲೂ ಇಲ್ಲದಿದ್ದರೆ ತುರ್ತಿನ ಫ್ರೀಕ್ವೆನ್ಸಿಯಾದ 121.5. ಎಲ್ಲೂ ಸಿಗದಿದ್ದರೆ ಟ್ರಾನ್ಸ್‌ಪಾಂಡರ್‌ನಲ್ಲಿ, ರೇಡಿಯೊ ಕೆಟ್ಟಿದೆ ಎಂದು ಹೇಳುವ 7600 ಹಾಕಿ. ನಿಲ್ದಾಣದ ಹತ್ತಿರವಿದ್ದರೆ ಟವರ್ ಕಡೆಗೇ ಕಣ್ಣಿಡಿ: ಗಾಳಿಯಲ್ಲಿರುವ ನಿಮಗೆ ಮಿನುಗದೆ ಉರಿಯುವ ಹಸಿರು ಬೆಳಕು ಬಂದರೆ ಇಳಿಯಬಹುದು, ಮಿನುಗದ ಕೆಂಪು ಬಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಬೇಕು.